ಒಲೆಯ ಮೇಲಿನ ಅಟ್ಟದಲ್ಲಿಟ್ಟ ಕಿಣ್ವ

ಎಂಟು ಪುಟಗಳ ಒಂದು ಪ್ರಬಂಧ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಅದರ ನೆತ್ತಿಯ ಮೇಲೆ ನನ್ನ ಹೆಸರಿದೆ. ಅದರಲ್ಲಿ ಹೇಳಿರುವ ಮುಖ್ಯ ಮಾತು ಸುಳ್ಳು. ಬರೆಯುವಾಗ ಅದು ಸುಳ್ಳೆಂದು ನನಗೆ ತಿಳಿದಿರಲಿಲ್ಲ, ಈ ಸಮಾಧಾನವನ್ನು ನಾನು ಬಹಳ ದಿನ ಹೇಳಿಕೊಂಡೆ. ಆದರೆ ಆ ಎಂಟು ಪುಟಗಳ ನಡುವೆ ಒಂದು ವಾಕ್ಯವನ್ನು ಮಾತ್ರ ನಾನು ತಿಳಿದೇ ಮರೆಮಾಚಿ ಬರೆದೆ. ಆ ಒಂದು ವಾಕ್ಯದಿಂದ ನನ್ನ ವಿದ್ಯಾರ್ಥಿನಿಯೊಬ್ಬಳ ಸಂಶೋಧನೆ ಹಾಳಾಯಿತು. ಅವಳು ಮಾಡಿದ್ದು ಸರಿಯಾಗಿತ್ತು, ನಾನು ಮಾಡಿದ್ದು ತಪ್ಪಾಗಿತ್ತು. ಅಚ್ಚಿನಲ್ಲಿ ಉಳಿದಿರುವುದು ನನ್ನದು.

ಸಾಗರದ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಪಾಠದ ಹೊರಗೆ ನಾನು ಹಿಡಿದ ಕೆಲಸ ಒಂದೇ. ಹುರುಳಿಕಾಳಿನಲ್ಲಿ ಯೂರಿಯೇಸ್ ಎಂಬ ಕಿಣ್ವವಿದೆ, ಅದು ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತದೆ. ನೆನೆಸಿ ಅರೆದ ಹುರುಳಿಯಿಂದ ಅದನ್ನು ತೆಗೆದು, ನುಣ್ಣನೆಯ ಸಿಲಿಕಾ ಪುಡಿಯ ಮೇಲ್ಮೈಗೆ ಅಂಟಿಸಿದರೆ, ಹಾಲಿಗೆ ಯೂರಿಯಾ ಬೆರೆಸಿದ್ದಾರೆಯೇ ಎಂದು ನೋಡಲು ಅದೇ ಪುಡಿಯನ್ನು ಮತ್ತೆ ಮತ್ತೆ ಬಳಸಬಹುದು. ಯಾವ ಗೋಂದೂ ಬೇಕಿಲ್ಲ, ಕಿಣ್ವ ತಾನಾಗಿಯೇ ಮೇಲ್ಮೈಗೆ ಅಂಟಿ ಕೂರುತ್ತದೆ. ಪ್ರಶ್ನೆ ಇದ್ದದ್ದು ಅಂಟಿದ ಮೇಲೆ ಅದರ ಆಕಾರ ಉಳಿಯುತ್ತದೆಯೇ ಎಂಬುದು. ಕಿಣ್ವವೆಂದರೆ ಒಂದು ಉದ್ದನೆಯ ಪ್ರೋಟೀನಿನ ಎಳೆ ಸುರುಳಿಯಾಗಿ, ಮಡಿಕೆಯಾಗಿ ಸುತ್ತಿಕೊಂಡ ಒಂದು ಉಂಡೆ. ಆ ಸುತ್ತು ಬಿಚ್ಚಿಹೋದರೆ ಅದು ಕೆಲಸಕ್ಕೆ ಬಾರದು.

ಇದನ್ನು ಕಣ್ಣಿನಿಂದ ನೋಡಲಾಗುವುದಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಪುಡಿಯ ಮೂಲಕ ಹಾಯಿಸಬೇಕು. ಪ್ರೋಟೀನಿನ ಬಂಧಗಳು ತಮ್ಮ ಕಂಪನಕ್ಕೆ ಹೊಂದುವ ಕಿರಣವನ್ನಷ್ಟೇ ನುಂಗುತ್ತವೆ. ಎಷ್ಟು ನುಂಗಿದವೆಂಬುದನ್ನು ಯಂತ್ರ ಒಂದು ಗೆರೆಯಾಗಿ ಬರೆಯುತ್ತದೆ, ಅದೇ ರೋಹಿತ. ಸುರುಳಿಗೆ ಆ ಗೆರೆಯಲ್ಲಿ ಒಂದು ಜಾಗ, ಮಡಿಕೆಗೆ ಇನ್ನೊಂದು ಜಾಗ, ಕಾಯ್ದು ಒಡೆದ ಹಾಲಿನಂತೆ ಗರಣೆಗಟ್ಟಿದ ಪ್ರೋಟೀನಿಗೆ ಮತ್ತೊಂದು. ಗೆರೆಯ ಕೆಳಗಿನ ಅಳತೆಪಟ್ಟಿಯ ಸಾವಿರದ ಆರುನೂರ ಐವತ್ತರ ಆಸುಪಾಸಿನಲ್ಲಿ ಗೆರೆಯ ಬೆಟ್ಟ ಹೇಗೆ ಎದ್ದಿದೆ, ಯಾವ ಕಡೆಗೆ ವಾಲಿದೆ ಎಂದು ಓದಲು ಕಲಿತವನಿಗೆ ಕಿಣ್ವದ ಒಳಗಿನ ಸುತ್ತು ತಿಳಿಯುತ್ತದೆ. ಒಂದೇ ತೊಂದರೆ. ನೀರು ಕೂಡ ಹೆಚ್ಚು ಕಡಿಮೆ ಅದೇ ಜಾಗದಲ್ಲಿ ಕಿರಣವನ್ನು ನುಂಗುತ್ತದೆ. ಪುಡಿಯಲ್ಲಿ ತೇವವಿದ್ದರೆ ನೀರಿನ ಬೆಟ್ಟ ಪ್ರೋಟೀನಿನ ಬೆಟ್ಟವನ್ನು ಮುಚ್ಚಿಬಿಡುತ್ತದೆ. ಈ ಅಧ್ಯಯನವನ್ನು ಕೈಗೆತ್ತಿಕೊಂಡವನು ಮೊದಲು ತನ್ನ ಮಾದರಿಯನ್ನು ಒಣಗಿಸಿ ಇಡಬೇಕು. ಸಾಗರದ ಮಳೆಗಾಲದಲ್ಲಿ ಈ ಮಾತನ್ನು ಹೇಳುವುದು ಸುಲಭ.

ಯಂತ್ರ ನಮ್ಮಲ್ಲಿರಲಿಲ್ಲ. ಬಯಲುಸೀಮೆಯ ಒಂದು ವಿಶ್ವವಿದ್ಯಾಲಯದಲ್ಲಿತ್ತು. ಹೊರಗಿನವರಿಗೆ ಸರದಿ ಬರುತ್ತಿದ್ದುದು ಅಲ್ಲಿಯವರ ಕೆಲಸ ಮುಗಿದ ಮೇಲೆ, ಅಂದರೆ ದಸರೆ ಕಳೆದ ಮೇಲೆ. ಆ ಯಂತ್ರದ ಕೋಣೆಯ ಹೊರಗಿನ ಮರದ ಬೆಂಚು ನನಗೆ ಚೆನ್ನಾಗಿ ಗೊತ್ತು, ಅದರ ಎಡಗಾಲು ಕುಂಟು. ಕೋಣೆಯ ಉಸ್ತುವಾರಿಯವನು ಬಾಗಿಲು ಅರೆ ತೆರೆದು, "ಏನ್ ಮೇಷ್ಟ್ರೇ, ಈ ಸಲಾನೂ ನಶ್ಯದ ಪುಡಿ ತಂದ್ರಾ?" ಎಂದು ಕೇಳಿದ್ದು ಎರಡು ಸಲ. ಮೂರನೆಯ ಸಲ ಕೇಳದೆ ಸುಮ್ಮನೆ ಮೂಗು ತಿಕ್ಕಿ ತೋರಿಸಿದ. ಅಲ್ಲಿಯೇ ನಡೆದ ಒಂದು ವಿಚಾರಸಂಕಿರಣದಲ್ಲಿ ನಾನು ಮಾತು ಮುಗಿಸಿದಾಗ, ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಒಬ್ಬ ಪ್ರಾಧ್ಯಾಪಕರು, "ಸಾಗರದಲ್ಲಿ ಗುಡಿಗಾರರು ಗಂಧದ ಮರ ಕೆತ್ತುತ್ತಾರೆ ಅಂತ ಕೇಳಿದ್ದೆ. ಈಗ ಕಿಣ್ವಾನೂ ಕೆತ್ತೋಕೆ ಶುರು ಮಾಡಿದ್ರಾ?" ಎಂದರು. ಸಭೆ ನಕ್ಕಿತು. ನಕ್ಕವರಲ್ಲಿ ನಮ್ಮ ಕಾಲೇಜಿನಿಂದ ನನ್ನ ಜೊತೆ ಬಂದಿದ್ದ ಸಹೋದ್ಯೋಗಿಯೂ ಇದ್ದ. ಅವನ ಮಗನ ಉಪನಯನಕ್ಕೆ ನಾನು ಹೋಗಲಿಲ್ಲ.

ಇವನ್ನೆಲ್ಲ ಇಲ್ಲಿ ಬರೆಯುವುದು ಅವರನ್ನು ದೂರಲು ಅಲ್ಲ. ಆ ವಾಕ್ಯವನ್ನು ನಾನು ಹಾಗೆ ಬರೆದದ್ದೇಕೆಂದು ತಿಳಿಯಬೇಕಾದರೆ ಇವು ತಿಳಿದಿರಬೇಕು.

ಹುರುಳಿ ಹೊಸತಾಗಿ ಸಿಗುವ ಕಾಲಕ್ಕೆ ಮಾದರಿ ಸಿದ್ಧವಾಗುತ್ತಿತ್ತು. ಯಂತ್ರದ ಸರದಿ ಬರುವವರೆಗೆ ಇಡೀ ಮಳೆಗಾಲ ಅದನ್ನು ಒಣಗಾಗಿ ಕಾಯಬೇಕಿತ್ತು. ಪ್ರಯೋಗಶಾಲೆಯಲ್ಲಿ ಗಾಜಿನ ಒಂದು ಡೆಸಿಕೇಟರ್ ಇತ್ತು, ತೇವ ಹೀರುವ ನೀಲಿ ಹರಳುಗಳನ್ನು ತಳದಲ್ಲಿ ಹಾಕಿ ಮುಚ್ಚುವ ಪಾತ್ರೆ. ಜೂನ್ ಕಳೆಯುವಷ್ಟರಲ್ಲಿ ಆ ಹರಳುಗಳು ಗುಲಾಬಿಗೆ ತಿರುಗುತ್ತಿದ್ದವು. ವಿದ್ಯುತ್ ಒಲೆಪೆಟ್ಟಿಗೆಯಲ್ಲಿ ಕಾಯಿಸಿ ಮತ್ತೆ ನೀಲಿ ಮಾಡೋಣವೆಂದರೆ ಕರೆಂಟು ಇರುತ್ತಿರಲಿಲ್ಲ. ಮೊದಲ ವರ್ಷದ ಮಾದರಿಗಳು ಬೂಸ್ಟು ಹಿಡಿದು ಹೋದವು. ಎರಡನೆಯ ವರ್ಷ ನಾನು ನಮ್ಮ ಸೀಮೆಯ ಯಾವುದೇ ಗೃಹಿಣಿ ಮಾಡುವುದನ್ನೇ ಮಾಡಿದೆ. ಉಪ್ಪು, ಹಪ್ಪಳ, ಬಿತ್ತನೆಯ ಬೀಜ, ಬೆಂಕಿಪೊಟ್ಟಣ, ಮಳೆಗಾಲದಲ್ಲಿ ಒಣಗಿರಬೇಕಾದ ಎಲ್ಲವೂ ನಮ್ಮಲ್ಲಿ ಅಡುಗೆಮನೆಯ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತವೆ. ಒಲೆ ಆರದಿರುವ ತನಕ ಅಲ್ಲಿಗೆ ತೇವ ಸುಳಿಯುವುದಿಲ್ಲ, ಅತಿಯಾಗಿ ಕಾಯುವುದೂ ಇಲ್ಲ. ನನ್ನ ಮನೆಯಲ್ಲಿ ಆಗಲೇ ಗ್ಯಾಸು ಬಂದಿತ್ತು. ಕೋಣಂದೂರಿನಲ್ಲಿದ್ದ ನನ್ನ ಅಕ್ಕನ ಮನೆಯಲ್ಲಿ ಸೌದೆಯ ಒಲೆ ಇತ್ತು.

ಅಕ್ಕ ಸೀಸೆಗಳನ್ನು ನೋಡಿ ಸೊಂಟಕ್ಕೆ ಕೈಯಿಟ್ಟಳು.

"ಎಂತ ಮಾರಾಯ ಇದು? ನನ್ನ ಹಪ್ಪಳದ ಡಬ್ಬಿ ಇಳಿಸಿ ನಿನ್ನ ಸುಣ್ಣದ ಪುಡಿ ಹತ್ತಿಸ್ಬೇಕಾ?"

"ಸುಣ್ಣ ಅಲ್ಲ ಅಕ್ಕ, ಹುರುಳಿಯಿಂದ ತೆಗೆದದ್ದು."

"ಹುರುಳೀನಾ? ಹಾಗಾರೆ ಸಾರು ಮಾಡಿ ತಿನ್ನದು ಬಿಟ್ಟು ಇದೆಂತ ಅವತಾರ! ಆರು ಸೀಸೆಗೆ ಜಾಗ ಕೊಡ್ತೀನಿ ತಮ್ಮಾ. ಏಳನೇದು ತಂದ್ರೆ ಒಲೆಗೇ ಹಾಕದು, ಈಗ್ಲೇ ಹೇಳಿದೀನಿ."

ಆರೇ ಸೀಸೆ. ತೇವ ಹೊರಗೆ ಹೋಗಲೆಂದು ಮುಚ್ಚಳ ಹಾಕದೆ ಬಾಯಿಗೆ ತೆಳು ಬಟ್ಟೆ ಕಟ್ಟಿದೆ. ಕಿಣ್ವವಿದ್ದ ಆರನ್ನೂ ಅಟ್ಟಕ್ಕೆ ಹತ್ತಿಸಿದೆ. ಏಳನೆಯದೊಂದು ಸೀಸೆ ಇತ್ತು, ಕಿಣ್ವವಿಲ್ಲದ ಬರಿಯ ಸಿಲಿಕಾ. ಇದನ್ನು ನಾವು ಖಾಲಿ ಮಾದರಿ ಎನ್ನುತ್ತೇವೆ. ಅಸಲಿ ಮಾದರಿಯನ್ನು ಎಲ್ಲಿ ಇಟ್ಟರೆ ಅಲ್ಲಿ, ಹೇಗೆ ನಡೆಸಿಕೊಂಡರೆ ಹಾಗೆ, ಖಾಲಿಯನ್ನೂ ನಡೆಸಿಕೊಳ್ಳಬೇಕು. ಎರಡರ ಗೆರೆಗಳನ್ನು ಕಳೆದಾಗ ಉಳಿಯುವುದು ಕಿಣ್ವದ್ದು ಮಾತ್ರ ಎಂದು ಹೇಳಲು ಬೇರೆ ದಾರಿಯಿಲ್ಲ. ಇದನ್ನು ನಾನು ಪ್ರತಿ ವರ್ಷ, ಪ್ರತಿ ತರಗತಿಗೆ, ಮೇಜು ಕುಟ್ಟಿ ಹೇಳಿದವನು. ಖಾಲಿ ಮಾದರಿ ಇಡದವರ ಪ್ರಯೋಗ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದವನು. ಆದರೆ ಅದರಲ್ಲಿ ಕೆಡುವಂಥದ್ದು ಏನಿದೆ ಎಂದುಕೊಂಡು ಖಾಲಿ ಸೀಸೆಯನ್ನು ಸಾಗರದ ಕಪಾಟಿನಲ್ಲೇ ಬಿಟ್ಟೆ, ಸರದಿ ಬಂದಾಗ ಅಲ್ಲಿಂದಲೇ ತೆಗೆದುಕೊಂಡು ಹೋದೆ. ಮುಂದಿನ ವರ್ಷಗಳಲ್ಲೂ ಹಾಗೆಯೇ ಮಾಡಿದೆ.

ಆ ವರ್ಷದ ರೋಹಿತವನ್ನು ಆ ಕುಂಟು ಬೆಂಚಿನ ಮೇಲೆ ಕೂತು ಮತ್ತೆ ಮತ್ತೆ ನೋಡಿದೆ. ಮಾದರಿಯನ್ನು ಬಿಸಿನೀರಿನಲ್ಲಿ ಇಟ್ಟು, ಒಣಗಿಸಿ, ಮತ್ತೆ ಕಿರಣ ಹಾಯಿಸಿದರೂ ಬೆಟ್ಟ ಒಂದಿಷ್ಟೂ ವಾಲಲಿಲ್ಲ. ನೀರಿನಲ್ಲಿ ಒಂಟಿಯಾಗಿದ್ದ ಕಿಣ್ವ ಅಷ್ಟು ಬಿಸಿಗೆ ಒಡೆದ ಹಾಲಾಗುತ್ತಿತ್ತು. ಮೇಲ್ಮೈಗೆ ಅಂಟಿದ ಕಿಣ್ವ ಕದಲಲಿಲ್ಲ. ಮೇಲ್ಮೈ ಕಿಣ್ವವನ್ನು ಕಾಯುತ್ತದೆ! ಮೂರು ವರ್ಷ ಮತ್ತೆ ಮಾಡಿದೆ, ಮೂರೂ ವರ್ಷ ಅದೇ ಬಂತು. ಬರೆದೆ.

ಬರೆಯುವಾಗ ಮಾದರಿಯನ್ನು ಎಲ್ಲಿ ಇಡಲಾಗಿತ್ತೆಂದು ಹೇಳಬೇಕಾದ ಜಾಗ ಬಂತು. ಅಡುಗೆಮನೆಯ ಒಲೆಯ ಮೇಲಿನ ಅಟ್ಟ, ಹಪ್ಪಳದ ಡಬ್ಬಿಯ ಪಕ್ಕ. ಇದನ್ನು ಇಂಗ್ಲಿಷಿನಲ್ಲಿ ಬರೆದರೆ ಆ ಮುಂದಿನ ಸಾಲಿನ ಪ್ರಾಧ್ಯಾಪಕರು ಓದುವರು, ಉಸ್ತುವಾರಿಯವನು ಮೂಗು ತಿಕ್ಕುವನು. ಮಾದರಿಗಳನ್ನು ತೇವರಹಿತ ಸ್ಥಿತಿಯಲ್ಲಿ ಸಂಗ್ರಹಿಸಲಾಯಿತು ಎಂದು ಬರೆದೆ. ಅದು ಸುಳ್ಳಲ್ಲ. ಇಷ್ಟು ವರ್ಷ ಆ ಮಾತನ್ನೇ ಹಿಡಿದುಕೊಂಡಿದ್ದೆ, ಅದು ಸುಳ್ಳಲ್ಲ ಎಂದು.

ಪತ್ರಿಕೆಯ ಪರಿಶೀಲಕರು ಎರಡು ಪ್ರಶ್ನೆ ಕೇಳಿದ್ದರು. ಸಾವಿರದ ಐನೂರ ಹತ್ತರ ಬಳಿ ಗೆರೆಗೆ ಒಂದು ಸಣ್ಣ ಭುಜದಂಥ ಉಬ್ಬಿದೆ, ಅದು ಯಾವುದರದ್ದು? ಬಿಸಿ ಮಾಡಿದ ಮೇಲೆ ಕಿಣ್ವ ಕೆಲಸ ಮಾಡುತ್ತದೆಯೇ ಎಂದು ಅಳೆಯಲಿಲ್ಲವೇಕೆ? ಮೊದಲನೆಯದಕ್ಕೆ, ಅದು ಪ್ರೋಟೀನಿನಲ್ಲೇ ಇರುವ ಟೈರೋಸಿನ್ ಎಂಬ ಘಟಕದ್ದೆಂದು ಮೂರು ಪುಟ ಉತ್ತರ ಬರೆದೆ. ಎರಡನೆಯದಕ್ಕೆ, ಈ ಪ್ರಬಂಧ ಆಕಾರದ ಬಗ್ಗೆಯೇ ಹೊರತು ಕೆಲಸದ ಬಗ್ಗೆ ಅಲ್ಲ, ಮಾದರಿ ತಯಾರಾದ ದಿನವೇ ಅದರ ಚಟುವಟಿಕೆಯನ್ನು ಅಳೆಯಲಾಗಿದೆ, ಪರಿಶೀಲಕರು ಪ್ರಬಂಧವನ್ನು ಪೂರ್ತಿ ಓದಬೇಕೆಂದು ವಿನಂತಿ, ಎಂದು ಬರೆದೆ. ಆ ಪತ್ರದ ಪ್ರತಿ ಈಗಲೂ ನನ್ನಲ್ಲಿದೆ. ಕೋಪದಲ್ಲಿ ಬರೆದ ಪತ್ರಗಳಲ್ಲೇ ಅಚ್ಚುಕಟ್ಟಾದದ್ದು ಅದು. ಅವರು ಒಪ್ಪಿದರು, ಪ್ರಬಂಧ ಅಚ್ಚಾಯಿತು.

ಆ ವಿದ್ಯಾರ್ಥಿನಿ ಹಿನ್ನೀರಿನಾಚೆಯ ತುಮರಿಯವಳು. ಸೇತುವೆ ಬರುವುದಕ್ಕೆ ಬಹಳ ಮೊದಲಿನ ಮಾತು. ಮನೆಯಿಂದ ಬರುವ ದಿನಗಳಲ್ಲಿ ಲಾಂಚು ತಡವಾದರೆ ಅವಳು ಪ್ರಯೋಗದ ತರಗತಿಗೆ ತಡವಾಗಿ ಬರುತ್ತಿದ್ದಳು, ನಾನು ಹೊರಗೆ ನಿಲ್ಲಿಸುತ್ತಿದ್ದೆ. ಕಿಟಕಿಯ ಆಚೆಗೆ ನಿಂತೇ ಒಳಗಿನ ಬೋರ್ಡಿನ ಲೆಕ್ಕ ಬರೆದುಕೊಂಡು ಹೋಗುತ್ತಿದ್ದವಳು. ರೋಹಿತದ ಗೆರೆ ಓದುವುದನ್ನು ನನ್ನಿಂದ ಕಲಿತವರಲ್ಲಿ ನನಗಿಂತ ಚೆನ್ನಾಗಿ ಓದುತ್ತಿದ್ದವಳು ಅವಳೊಬ್ಬಳೇ. ನಾನು ಅದನ್ನು ಅವಳಿಗೆ ಹೇಳಲಿಲ್ಲ. ಅವಳು ಅದೇ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ ಸೇರಿದಳು, ನನ್ನ ಪ್ರಬಂಧವನ್ನೇ ಬುನಾದಿ ಮಾಡಿಕೊಂಡಳು. ಮೇಲ್ಮೈ ಕಿಣ್ವವನ್ನು ಹೇಗೆ ಕಾಯುತ್ತದೆ ಎಂಬುದು ಅವಳ ವಿಷಯವಾಯಿತು.

ಅವಳಲ್ಲಿ ಮಾತ್ರ ಮೇಲ್ಮೈ ಕಿಣ್ವವನ್ನು ಕಾಯಲಿಲ್ಲ. ಅವಳು ನಿರ್ವಾತದಲ್ಲಿ ಒಣಗಿಸಿದ ಮಾದರಿಗಳು ಬಿಸಿಗೆ ಬಿಚ್ಚಿಕೊಂಡವು. ಮೂರು ವರ್ಷ ಅವಳು ಮತ್ತೆ ಮತ್ತೆ ಮಾಡಿದಳು. ಒಂದು ದಿನ ಫೋನು ಬಂತು.

"ಸರ್, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಸ್ಯಾಂಪಲ್ ನೀವು ಎಲ್ಲಿ ಇಟ್ಟಿದ್ರಿ?"

"ಪ್ರಬಂಧದಲ್ಲಿ ಬರೆದಿದೆಯಲ್ಲ."

"ಒಣ ಜಾಗ ಅಂತ ಇದೆ ಸರ್. ಅದಕ್ಕೇ ಕೇಳಿದ್ದು, ಯಾವ ಜಾಗ?"

ಒಬ್ಬ ವಿದ್ಯಾರ್ಥಿನಿ ನನ್ನ ಪ್ರಾಮಾಣಿಕತೆಯನ್ನು ಪರೀಕ್ಷಿಸುತ್ತಿದ್ದಾಳೆಂದು ಎಣಿಸಿದೆ. ಓದಿ ಅರ್ಥವಾಗದಿದ್ದರೆ ಕೇಳಿ ಅರ್ಥವಾಗುವುದಿಲ್ಲವೆಂದು ಹೇಳಿ ಫೋನಿಟ್ಟೆ.

ಬೇಸಿಗೆ ರಜೆಯಲ್ಲಿ ಅವಳು ಸಾಗರದ ನನ್ನ ಮನೆಗೆ ಬಂದಳು. ಚೀಲದಲ್ಲಿ ಐದು ದಪ್ಪ ನೋಟುಪುಸ್ತಕಗಳಿದ್ದವು. ಒಮ್ಮೆ ನೋಡಿ ಸರ್, ನನ್ನ ಕಡೆ ಎಲ್ಲಿ ತಪ್ಪಾಗಿದೆ ಹೇಳಿ, ಎಂದಳು. ಜಗಲಿಯಲ್ಲಿ ನನ್ನ ಜೊತೆ ಇನ್ನಿಬ್ಬರು ಅಧ್ಯಾಪಕರಿದ್ದರು. ನಾನು ಪುಸ್ತಕಗಳನ್ನು ತೆರೆಯಲಿಲ್ಲ. "ನಿನ್ನ ಕೈ ಚೊಕ್ಕ ಇಲ್ಲ. ಗೆರೆ ಓದುವುದಕ್ಕೆ ಮೊದಲು ಸೀಸೆ ತೊಳೆಯುವುದನ್ನು ಕಲಿ," ಎಂದೆ. ಅಧ್ಯಾಪಕರಲ್ಲಿ ಒಬ್ಬರು ನಕ್ಕರು. ಅವಳು ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು, ನನ್ನ ಹೆಂಡತಿ ತಂದಿಟ್ಟ ಪಾನಕವನ್ನು ನಿಂತೇ ಕುಡಿದು, ಲೋಟವನ್ನು ಒಳಗೆ ಕೊಟ್ಟು ಹೋದಳು.

ಸಂಶೋಧನೆಯನ್ನು ಅವಳು ಅರ್ಧಕ್ಕೆ ಬಿಟ್ಟಳು. ಬಿ.ಎಡ್. ಮಾಡಿ ಹೊಸನಗರದ ಕಡೆ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸತೊಡಗಿದಳೆಂದು ಕೇಳಿದೆ. ಮದುವೆಯ ಕರೆಯೋಲೆ ಅಂಚೆಯಲ್ಲಿ ಬಂತು. ಖುದ್ದಾಗಿ ಬಂದು ಕರೆಯಲಿಲ್ಲವೆಂಬ ಕಾರಣಕ್ಕೆ ಅದಕ್ಕೂ ನಾನು ಹೋಗಲಿಲ್ಲ.

ಕೆಲವು ಬೇಸಿಗೆಗಳ ಹಿಂದೆ ಅಕ್ಕನ ಮಕ್ಕಳು ಕೋಣಂದೂರಿನ ಅಡುಗೆಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸಿದರು. ಅಟ್ಟ ಬಿಚ್ಚುವಾಗ ತೊಲೆಯ ಸಂದಿಯಲ್ಲಿ ಯಾವುದೋ ವರ್ಷ ಉಳಿದುಹೋಗಿದ್ದ ಒಂದು ಸೀಸೆ ಸಿಕ್ಕಿತು. ಅಕ್ಕ ಅದನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

"ತಗೋ, ನಿನ್ನ ಹುರುಳಿ ಭಸ್ಮ. ಇಷ್ಟು ವರ್ಷ ನನ್ನ ಜೊತೆ ಹೊಗೆ ಕುಡ್ಕಂಡು ಕೂತಿತ್ತು ಪಾಪ."

ಬಟ್ಟೆ ಕಪ್ಪಾಗಿತ್ತು. ಪುಡಿ ಕಂದು ಬಣ್ಣಕ್ಕೆ ತಿರುಗಿತ್ತು. ಮೂಗಿನ ಹತ್ತಿರ ಹಿಡಿದೆ. ಹೊಗೆಯ ವಾಸನೆ.

ಅಲ್ಲಿಯೇ, ಆ ಕೆಡವಿದ ಗೋಡೆಯ ಪಕ್ಕದಲ್ಲಿ, ಎಲ್ಲವೂ ಒಟ್ಟಿಗೆ ಹೊಳೆಯಿತು. ಸೌದೆಯ ಹೊಗೆಯಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ನಮ್ಮ ಪ್ರಯೋಗಶಾಲೆಯ ಪಕ್ಕದ ಪ್ರಾಣಿಶಾಸ್ತ್ರದ ಕೋಣೆಯಲ್ಲಿ ಹಾವು ಕಪ್ಪೆಗಳನ್ನು ಜಾಡಿಯಲ್ಲಿ ಕೊಳೆಯದಂತೆ ಇಡುವುದು ಅದೇ ವಸ್ತುವಿನಿಂದ. ಅದು ಪ್ರೋಟೀನಿನ ಎಳೆಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ಹೊಲಿದ ಮೇಲೆ ಬಿಸಿ ಮಾಡಿದರೂ ಆಕಾರ ಬಿಚ್ಚುವುದಿಲ್ಲ, ಜೀವವಂತೂ ಇರುವುದಿಲ್ಲ. ನನ್ನ ಕಿಣ್ವವನ್ನು ಮೇಲ್ಮೈ ಕಾಯ್ದಿರಲಿಲ್ಲ, ಅಕ್ಕನ ಒಲೆ ಅದನ್ನು ತೊಗಲಿನಂತೆ ಹದ ಮಾಡಿತ್ತು.

ನಾನು ಊಹೆಯಲ್ಲಿ ನಿಲ್ಲುವವನಲ್ಲ. ಆಗಲೇ ನಿವೃತ್ತನಾಗಿದ್ದರಿಂದ, ಕಾಲೇಜಿನ ನನ್ನ ಹಳೆಯ ವಿಭಾಗಕ್ಕೆ ಹೋಗಿ ಅನುಮತಿ ಕೇಳಿ ಪರೀಕ್ಷಿಸಿದೆ. ಯೂರಿಯಾ ದ್ರಾವಣಕ್ಕೆ ಹೊಸ ಹುರುಳಿಯ ಕಿಣ್ವ ಹಾಕಿದಾಗ ಸೂಚಕದ ಹಳದಿ ಬಣ್ಣ ನೋಡುತ್ತಿದ್ದಂತೆ ಗುಲಾಬಿಯಾಯಿತು. ಅಟ್ಟದ ಪುಡಿ ಹಾಕಿದ್ದು ಸಂಜೆಯವರೆಗೂ ಹಳದಿಯಾಗಿಯೇ ಇತ್ತು. ಅಷ್ಟು ವರ್ಷ ಮೂಲೆಯಲ್ಲಿದ್ದ ಕಿಣ್ವ ಹೇಗೂ ಸಾಯುತ್ತದೆ ಎನ್ನಬಹುದು. ಆದ್ದರಿಂದ ಬರಿಯ ಸಿಲಿಕಾವನ್ನು, ಆಗ ಅಟ್ಟಕ್ಕೆ ಹತ್ತಿಸದೆ ಬಿಟ್ಟದ್ದನ್ನು, ಅಕ್ಕನ ಮನೆಯಲ್ಲಿ ಇನ್ನೂ ಸೌದೆ ಉರಿಯುತ್ತಿದ್ದ ಬಚ್ಚಲೊಲೆಯ ಮೇಲ್ಗಡೆ ಒಂದು ಮಳೆಗಾಲ ಇರಿಸಿದೆ. ವಿಭಾಗದ ಒಬ್ಬ ಯುವ ಅಧ್ಯಾಪಕ ಅದನ್ನು ವಿಶ್ವವಿದ್ಯಾಲಯದ ಹೊಸ ಯಂತ್ರಕ್ಕೆ ಒಯ್ದು, ರೋಹಿತವನ್ನು ಮೊಬೈಲಿಗೆ ಕಳಿಸಿದ. ಕಿಣ್ವದ ಕಣವೂ ಇಲ್ಲದ ಆ ಪುಡಿಯ ಗೆರೆಯಲ್ಲಿ, ಸಾವಿರದ ಐನೂರ ಹತ್ತರ ಬಳಿ, ಅದೇ ಸಣ್ಣ ಭುಜವಿತ್ತು. ಅದು ಟೈರೋಸಿನ್ ಅಲ್ಲ, ಸೌದೆಯ ಹೊಗೆ.

ಪ್ರಬಂಧವನ್ನು ಹಿಂಪಡೆಯಬೇಕೆಂದು ಪತ್ರಿಕೆಗೆ ಬರೆದೆ. ಈ ಸಲ ಅಟ್ಟ, ಒಲೆ, ಹಪ್ಪಳ ಎಲ್ಲವನ್ನೂ ಬರೆದೆ. ಅವರ ಉತ್ತರ ಸೌಜನ್ಯದಿಂದ ಕೂಡಿತ್ತು. ಒಂದು ಪುಡಿಯ ಒಂದು ಗೆರೆ ಸಾಲದು, ಹೊಗೆ ತಾಗದ ಮಾದರಿಗಳು ಬೇರೆ ರೀತಿ ವರ್ತಿಸುತ್ತವೆ ಎಂಬುದಕ್ಕೆ ಪೂರ್ಣ ದಾಖಲೆ ಬೇಕು, ನಿಗದಿತ ಅವಧಿಯೊಳಗೆ ಕಳಿಸಿ, ಎಂದರು. ಅಂಥ ದಾಖಲೆ ಜಗತ್ತಿನಲ್ಲಿ ಇದ್ದದ್ದು ಒಂದೇ ಕಡೆ. ನಾನು ತೆರೆಯದ ಆ ಐದು ನೋಟುಪುಸ್ತಕಗಳಲ್ಲಿ.

ಹೊಸನಗರದ ಬಸ್ಸು ಹತ್ತಿದೆ. ಶಾಲೆಯ ಅಧ್ಯಾಪಕರ ಕೋಣೆಯಲ್ಲಿ ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು. ತಲೆಯಲ್ಲಿ ನರೆ ಕಾಣಿಸಿಕೊಂಡಿತ್ತು. ನನ್ನನ್ನು ಕಂಡು ಎದ್ದು ನಿಂತಳು.

"ಅಯ್ಯೋ ಸರ್! ಬನ್ನಿ, ಕೂತ್ಕೊಳ್ಳಿ. ಎಂತ ಇಷ್ಟು ದೂರ? ಬಸ್ಸಲ್ಲಿ ಬಂದ್ರಾ?"

ಕೂತು, ಆರಂಭದಿಂದ ಎಲ್ಲವನ್ನೂ ಹೇಳಿದೆ. ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿ ಕೇಳಿದಳು.

"ಒಲೆ ಅಟ್ಟನಾ ಸರ್?"

"ಹೌದು."

"ತುಮರೀಲಿ ನಮ್ಮನೇಲೂ ಇತ್ತು. ಮಳೆಗಾಲದಲ್ಲಿ ನನ್ನ ಪುಸ್ತಕ ಅಲ್ಲೇ ಇಡ್ತಿದ್ವಿ. ಹಾಸ್ಟೆಲಿಗೆ ತಂದ್ರೆ ಹುಡ್ಗೀರು ಮೂಗು ಮುಚ್ಕಂತಿದ್ರು, 'ಬಂತು ನೋಡು ಹೊಗೆಸೊಪ್ಪು' ಅಂತ." ಅವಳು ಸ್ವಲ್ಪ ನಕ್ಕಳು, ಆಮೇಲೆ ನಗಲಿಲ್ಲ. "ನೀವು ಅಟ್ಟ ಅಂದಿದ್ರೆ ಸಾಕಿತ್ತು ಸರ್. ಅವತ್ತೇ ಗೊತ್ತಾಗ್ತಿತ್ತು ನಂಗೆ."

"ಬರೆಯಲಿಕ್ಕೆ ನಾಚಿಕೆಯಾಯಿತು."

"ಬರೀದಿದ್ರೆ ಬೇಡ. ನಂಗೆ ಹೇಳ್ಬಹುದಿತ್ತಲ್ಲ. ನನ್ನ ಹತ್ರ ಎಂತ ನಾಚಿಕೆ ಸರ್?"

ನಾನು ಬಂದ ಕೆಲಸ ಹೇಳಿದೆ. ನೋಟುಪುಸ್ತಕಗಳನ್ನು ಕೇಳಿದೆ. ಪ್ರಬಂಧವನ್ನು ಹಿಂಪಡೆದು, ಅವಳ ಫಲಿತಾಂಶವನ್ನು ಅವಳ ಹೆಸರಿನಲ್ಲೇ ಅಚ್ಚು ಹಾಕಿಸಬೇಕೆಂದಿದ್ದೇನೆ ಎಂದೆ.

"ಅವಿಲ್ಲ ಸರ್. ಮನೆ ಬದಲಾಯಿಸುವಾಗ ಗುಜರಿಯವ್ನಿಗೆ ಹಾಕಿದ್ವಿ. ಖಾಲಿ ಇದ್ದ ಹಾಳೆ ಮಗಳು ಹರ್ಕಂಡಿದ್ಲು, ಚಿತ್ರ ಬರಿಯಕ್ಕೆ. ನಾನೂ ಬೇಡ ಅನ್ಲಿಲ್ಲ."

"ವಿಶ್ವವಿದ್ಯಾಲಯದಲ್ಲಿ?"

"ಆ ಹಳೇ ಮಿಷನ್ನೇ ಇಲ್ಲ ಈಗ. ಅದರ ಕಂಪ್ಯೂಟರೂ ಹೋಯ್ತು. ಅಲ್ಲಿ ಬೋರ್ಡಲ್ಲೂ ನನ್ನ ಹೆಸರಿಲ್ಲ, ಮುಗಿಸಿದವರದ್ದು ಮಾತ್ರ ಹಾಕ್ತಾರೆ."

ಮತ್ತೆ ಮಾಡೋಣ, ನಾನು ಮಾದರಿ ಸಿದ್ಧ ಮಾಡುತ್ತೇನೆ, ನೀನು ಗೆರೆ ಓದು, ಎಂದೆ. ಅವಳು ಮೇಜಿನ ಮೇಲಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ನೇರ ಮಾಡಿದಳು.

"ಆ ಗೆರೆ ಓದದು ಮರ್ತುಹೋಗಿದೆ ಸರ್. ಸುಳ್ಳಲ್ಲ. ನನ್ನ ಕೈಯೇ ಸರಿ ಇಲ್ಲ ಅಂತ ಅಂದ್ಕಂಡ ಮೇಲೆ, ಅದನ್ನ ಮರೀಲೇಬೇಕಾಯ್ತು."

ಗಂಟೆ ಹೊಡೆಯಿತು. ಹತ್ತನೆಯ ತರಗತಿಗೆ ಪಾಠವಿದೆಯೆಂದು ಪುಸ್ತಕ ತೆಗೆದುಕೊಂಡಳು. ಆದರೂ ಗೇಟಿನವರೆಗೆ ನನ್ನ ಜೊತೆ ಬಂದು, "ಸಾಗರದ ಬಸ್ಸಿಗೆ ಇನ್ನೂ ಹೊತ್ತಿದೆ, ಬಿಸಿಲಲ್ಲಿ ನಿಲ್ಬೇಡಿ, ಆ ಅಂಗಡಿ ಕಟ್ಟೆ ಮೇಲೆ ಕೂತ್ಕೊಳ್ಳಿ ಸರ್" ಎಂದಳು. ಆ ಮಾತಿನಲ್ಲಿ ಎಲ್ಲಿಯಾದರೂ ಒಂದು ಚುಚ್ಚು ಇದೆಯೇ ಎಂದು ನಾನು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಹುಡುಕಿದೆ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಒಬ್ಬನೇ ಎಲ್ಲವನ್ನೂ ಮೊದಲಿನಿಂದ ಮಾಡಲು ಅವರು ಕೊಟ್ಟ ಅವಧಿ ಸಾಲುತ್ತಿರಲಿಲ್ಲ, ದಾಖಲೆ ಸಿಗಲಿಲ್ಲವೆಂದು ಪತ್ರಿಕೆಗೆ ತಿಳಿಸಿದೆ. ಪುರಾವೆಯಿಲ್ಲದ ಕಾರಣ ಮನವಿಯನ್ನು ಮುಕ್ತಾಯಗೊಳಿಸಲಾಗಿದೆ, ಪ್ರಬಂಧ ಯಥಾಸ್ಥಿತಿಯಲ್ಲಿರುತ್ತದೆ ಎಂದು ಅವರು ಎರಡು ಸಾಲಿನಲ್ಲಿ ಉತ್ತರಿಸಿದರು. ಅವರ ಮೇಲೆ ಕೋಪಿಸಿಕೊಳ್ಳಲು ಆ ಎರಡು ಸಾಲುಗಳನ್ನು ಹಲವು ಸಲ ಓದಿದೆ. ಅವರದೇನೂ ತಪ್ಪಿರಲಿಲ್ಲ.